ಮಂಗಳೂರು ವಿಮಾನ ನಿಲ್ದಾಣದಿಂದ ಸಿಟಿ ಬಸ್ಸು ಹಿಡಿಯುವವರ ಗಮನಕ್ಕೆ

ಕಳೆದ ಆಷಾಢದಲ್ಲಿ ಅಮ್ಮನನ್ನು ಹೈದರಾಬಾದಿನಿಂದ ಕಾರವಾರಕ್ಕೆ ಕರೆದೊಯ್ಯುವಾಗ ಮಂಗಳೂರಿನವರೆಗೆ ವಿಮಾನ, ಅಲ್ಲಿಂದ ಮುಂದೆ ಕೇರಳದ ಕಡೆಯಿಂದ ಬರುವ ಸಂಜೆಯ ರೈಲು ಎಂದು ಲೆಕ್ಕ ಹಾಕಿದ್ದೆ. ಟ್ಯಾಕ್ಸಿಯವರು ಹೇಳಿದ ಬಾಡಿಗೆ ಹೆಚ್ಚೆನ್ನಿಸಿತು. ಕೈಯಲ್ಲಿ ಸುಮಾರು ಮೂರು ಗಂಟೆ ಸಮಯವಿದ್ದುದರಿಂದ ಸಿಟಿ ಬಸ್ಸಿನಲ್ಲಿಯೇ ಹೋಗೋಣವೆಂದು ನಿರ್ಧರಿಸಿದೆ. ಆ ನಿರ್ಧಾರದಿಂದ ರೈಲು ತಪ್ಪಿತು. ಬೇರೆಯವರಿಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಖಾಸಗಿ ಸಿಟಿ ಬಸ್ಸುಗಳು ಟರ್ಮಿನಲ್ಲಿನ ಬಾಗಿಲಿಗೆ ಬರುವುದಿಲ್ಲ. ನಿಲ್ದಾಣವಿರುವುದು ಗುಡ್ಡದ ಮೇಲೆ, ಬಸ್ಸು ಓಡಾಡುವುದು ಕೆಳಗಿನ ಕೆಂಜಾರಿನ ಮುಖ್ಯರಸ್ತೆಯಲ್ಲಿ. ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೂಟ್‌ಕೇಸು ಹಿಡಿದು, ಮೊಣಕಾಲು ನೋವಿನ ಅಮ್ಮನನ್ನು ನಿಧಾನವಾಗಿ ಇಳಿಜಾರಿನಲ್ಲಿ ನಡೆಸಿಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಸೂಟ್‌ಕೇಸಿನ ಚಕ್ರಗಳಿಗೆ ಕೆಂಪು ಮಣ್ಣು ಮೆತ್ತಿಕೊಂಡು ಅವು ತಿರುಗುವುದನ್ನೇ ನಿಲ್ಲಿಸಿದ್ದವು.

ಎರಡನೆಯ ತಪ್ಪು ಸಂಪೂರ್ಣ ನನ್ನದೇ. ಬಂದ ಮೊದಲ ಬಸ್ಸಿನ ಹಣೆಯ ಮೇಲೆ ‘ಸ್ಟೇಟ್ ಬ್ಯಾಂಕ್’ ಎಂಬ ಹೆಸರು ಕಂಡಿತು. ಮಂಗಳೂರಿನಲ್ಲಿ ಸ್ಟೇಟ್ ಬ್ಯಾಂಕ್ ಎಂದರೆ ಸಿಟಿ ಬಸ್ಸುಗಳ ಮುಖ್ಯ ನಿಲ್ದಾಣವೆಂದು ನನಗೆ ಗೊತ್ತಿತ್ತು. ಅದೇ ಫಲಕದಲ್ಲಿ ಬಜಪೆಯ ಹೆಸರೂ ಇರುತ್ತದೆ, ಬಸ್ಸು ಹೋಗುವಾಗಲೂ ಬರುವಾಗಲೂ ಫಲಕ ಬದಲಾಗುವುದಿಲ್ಲ ಎಂಬುದು ಗೊತ್ತಿರಲಿಲ್ಲ. ಕಂಡಕ್ಟರು ‘ದುಂಬು ಪೋಲೆ, ದುಂಬು ಪೋಲೆ’ ಎಂದು ಎಲ್ಲರನ್ನೂ ಮುಂದಕ್ಕೆ ತಳ್ಳುತ್ತ, ನಮ್ಮ ಸೂಟ್‌ಕೇಸನ್ನು ಡ್ರೈವರಿನ ಪಕ್ಕ ಎಂಜಿನಿನ ಮೇಲೆ ಇಟ್ಟು, ‘ರೈಟ್’ ಎಂದುಬಿಟ್ಟರು. ಟಿಕೆಟು ಕೇಳಲು ಅವರು ನಮ್ಮ ಬಳಿ ಬಂದಾಗ ಬಸ್ಸು ಬಜಪೆ ಪೇಟೆಯ ಹತ್ತಿರವಿತ್ತು. ನಗರದ ಎದುರು ದಿಕ್ಕಿಗೆ ಬಂದಿದ್ದೆವು. ಅಲ್ಲಿ ಇಳಿದು, ವಿಮಾನ ನಿಲ್ದಾಣದ ಕಡೆಯಿಂದ ನಗರಕ್ಕೆ ಮರಳುವ ಬಸ್ಸಿನ ಬಗ್ಗೆ ಕೇಳಿದರೆ ಹಿರಿಯರೊಬ್ಬರು ಹಳೆಯ ಟರ್ಮಿನಲ್ಲಿನ ದಾರಿಯನ್ನೇ ತೋರಿಸಿದರು. 2010ರಲ್ಲಿ ಕೆಂಜಾರಿನ ಕಡೆ ಹೊಸ ಟರ್ಮಿನಲ್ ಆಗುವವರೆಗೆ ಪ್ರಯಾಣಿಕರು ಬಜಪೆಯ ಕಡೆಯಿಂದಲೇ ಹೋಗಿಬರುತ್ತಿದ್ದರು. ಜನರ ಬಾಯಲ್ಲಿ ಇಂದಿಗೂ ಅದು ‘ಬಜಪೆ ಏರ್‌ಪೋರ್ಟ್’.

ಮರಳಿ ನಗರದ ಬಸ್ಸು ಹತ್ತಿದ ಮೇಲೆ ಅಮ್ಮ ಉತ್ಸಾಹದಿಂದ ಆಧಾರ್ ಕಾರ್ಡು ತೆಗೆದು ಕಂಡಕ್ಟರಿಗೆ ತೋರಿಸಿದರು. 2023ರ ಜೂನಿನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ನಿಗಮಗಳ ಬಸ್ಸುಗಳಿಗೆ ಮಾತ್ರ; ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವರದ್ದು. ‘ಇದು ಪ್ರೈವೇಟ್ ಅಜ್ಜೀ’ ಎಂದು ಆ ಹುಡುಗ ನಕ್ಕು ಟಿಕೆಟು ಹರಿದುಕೊಟ್ಟ. ನಮ್ಮ ಲಗೇಜಿಗೂ ಬೇರೆ ಹಣ ತೆಗೆದುಕೊಂಡ. ಅದಕ್ಕೆ ಟಿಕೆಟು ಕೊಡಲಿಲ್ಲ; ನಾನು ಕೇಳಲೂ ಇಲ್ಲ, ಕೇಳಬೇಕಿತ್ತು.

ಮರವೂರು ಸೇತುವೆ, ಕಾವೂರು ದಾಟುವಷ್ಟರಲ್ಲಿ ಶಾಲೆ ಬಿಟ್ಟ ಮಕ್ಕಳಿಂದ ಬಸ್ಸು ತುಂಬಿಹೋಯಿತು. ಕೆಪಿಟಿ ವೃತ್ತ ಬಂದಾಗ ನಾವು ಇಳಿಯಬೇಕಿತ್ತು, ಇಳಿಯಲಿಲ್ಲ. ಅತಿ ಮುಖ್ಯವಾದ ಎಚ್ಚರಿಕೆ ಇದೇ: ಮಂಗಳೂರಿನಲ್ಲಿ ಎರಡು ದೊಡ್ಡ ರೈಲು ನಿಲ್ದಾಣಗಳಿವೆ. ಸೆಂಟ್ರಲ್ ಇರುವುದು ಪೇಟೆಯೊಳಗೆ, ಸ್ಟೇಟ್ ಬ್ಯಾಂಕಿಗೆ ಹತ್ತಿರ. ಕೇರಳದಿಂದ ಬಂದು ಕೊಂಕಣ ಮಾರ್ಗವಾಗಿ ಉತ್ತರಕ್ಕೆ ಹೋಗುವ ರೈಲುಗಳು ಅಲ್ಲಿಗೆ ಬರದೆ, ಪಡೀಲಿನ ಕಡೆಯ ಜಂಕ್ಷನ್ನಿನಲ್ಲಿ ನಿಂತು ಹಾಗೆಯೇ ಮುಂದೆ ಹೋಗುತ್ತವೆ. ನನ್ನ ಟಿಕೆಟಿನಲ್ಲಿ ಜಂಕ್ಷನ್ ಎಂದೇ ಅಚ್ಚಾಗಿತ್ತು. ಓದಿಯೂ ಲಕ್ಷ್ಯ ಕೊಡದೆ ಸ್ಟೇಟ್ ಬ್ಯಾಂಕಿನವರೆಗೂ ಕುಳಿತು, ಸೆಂಟ್ರಲ್ಲಿಗೆ ಹೋಗಿ, ಅಲ್ಲಿನ ಬೋರ್ಡಿನಲ್ಲಿ ನಮ್ಮ ಗಾಡಿಯ ಹೆಸರೇ ಇಲ್ಲದಾಗ ಬೆಚ್ಚಿಬಿದ್ದೆ. ಆಟೋದವರಿಗೆ ಗಡಿಬಿಡಿಯಲ್ಲಿ ‘ಕಂಕನಾಡಿ’ ಎಂದೆ, ಏಕೆಂದರೆ ಜಂಕ್ಷನ್ನಿನ ಹಳೆಯ ಹೆಸರು ಅದೇ. ಕಂಕನಾಡಿ ಎಂಬ ಪೇಟೆಯೇ ಬೇರೆ ಇದೆಯೆಂದು ಅರ್ಧ ದಾರಿಯಲ್ಲಿ ತಿಳಿಯಿತು. ಜಂಕ್ಷನ್ ತಲುಪಿದಾಗ ಪ್ಲಾಟ್‌ಫಾರ್ಮ್ ಖಾಲಿಯಾಗಿತ್ತು. ಅಮ್ಮ ಒದ್ದೆ ಸೆರಗು ಹಿಂಡಿಕೊಂಡು ಬೆಂಚಿನ ಮೇಲೆ ಕುಳಿತು, ‘ಟ್ಯಾಕ್ಸಿಗೆ ಎಷ್ಟು ಕೇಳಿದ್ದ?’ ಎಂದು ಮಾತ್ರ ಕೇಳಿದರು.

ಲಗೇಜು ಕಡಿಮೆಯಿದ್ದು, ಸಮಯದ ಒತ್ತಡವಿಲ್ಲದಿದ್ದರೆ ಬಸ್ಸಿನಲ್ಲಿ ಹೋಗಲು ಅಡ್ಡಿಯಿಲ್ಲ. ಹಗಲು ಹೊತ್ತಿನಲ್ಲಿ ನಾವು ನಿಂತ ಜಾಗದಲ್ಲಿ ಬಸ್ಸಿಗಾಗಿ ಬಹಳ ಕಾಯಬೇಕಾಗಲಿಲ್ಲ. ಆದರೆ ಫಲಕ ನೋಡಿ ಹತ್ತಬೇಡಿ, ‘ಕಾವೂರು ಮೇಲೆ ಹೋಗುತ್ತದೆಯೇ?’ ಎಂದು ಕಂಡಕ್ಟರನ್ನು ಕೇಳಿ ಹತ್ತಿ. ಜಂಕ್ಷನ್ನಿಗೆ ಹೋಗುವವರು ಕೆಪಿಟಿಯಲ್ಲಿ ಇಳಿದು, ನಂತೂರಿನ ಮೇಲಿಂದ ಆಟೋದಲ್ಲಿ ಹೋಗಬಹುದು. ಕೆಎಸ್‌ಆರ್‌ಟಿಸಿಯ ದೂರದ ಬಸ್ಸು ಹಿಡಿಯುವವರ ನಿಲ್ದಾಣ ಬಿಜೈಯಲ್ಲಿದೆ, ಸ್ಟೇಟ್ ಬ್ಯಾಂಕಿನಲ್ಲಲ್ಲ. ನಗರದಿಂದ ವಿಮಾನಕ್ಕೆ ಹೊರಟವರು ಬಜಪೆಗೆ ಟಿಕೆಟು ತೆಗೆಯದೆ ಕೆಂಜಾರಿಗೆ ತೆಗೆಯಿರಿ, ಅಲ್ಲಿಂದ ಗುಡ್ಡ ಹತ್ತುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ.