ಬಾಡಿಗೆ ಆ್ಯಪ್‌ನಲ್ಲಿ ಮಾಮನಿಗೂ ಒಂದು ಲಾಗಿನ್: ಮೂರು ವರ್ಷ ಬಳಸಿದ ಮೇಲೆ

ರಾಜಾಜಿನಗರದಲ್ಲಿ ಅಪ್ಪ ಕಟ್ಟಿಸಿದ ಆರು ಮನೆಗಳ ಕಟ್ಟಡ ಇದೆ. ನಾನಿರುವುದು ಶಿವಮೊಗ್ಗದಲ್ಲಿ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಾಡಿಗೆ ಲೆಕ್ಕಕ್ಕೆ ಅಂತ 2022ರ ನವೆಂಬರ್‌ನಲ್ಲಿ ಒಂದು ಆ್ಯಪ್ ತಗೊಂಡೆ. ವರ್ಷಕ್ಕೆ 2,400 ರೂಪಾಯಿ. ಕಂಪನಿಗೆ ಕೊಟ್ಟ ಒಂದು ದೂರು ಇನ್ನೂ ಬಗೆಹರಿದಿಲ್ಲ, ಅದಕ್ಕೆ ಆ್ಯಪ್ ಹೆಸರು ಬರೆಯುತ್ತಿಲ್ಲ. ರಸೀದಿ, ಬಾಡಿಗೆ ನೆನಪಿಸುವ ಮೆಸೇಜು, ಅಗ್ರಿಮೆಂಟ್ ಇಡುವ ಜಾಗ, ಇವೆಲ್ಲ ಇಂಥ ಎಲ್ಲ ಆ್ಯಪ್‌ಗಳಲ್ಲೂ ಇರುತ್ತವೆ. ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಮನೆ ನೋಡಿಕೊಳ್ಳುವವರನ್ನು ನಮ್ಮ ಅಕೌಂಟ್‌ಗೆ ಹೇಗೆ ಸೇರಿಸಿಕೊಳ್ಳುತ್ತೇವೆ, ಅವರ ಕೈಗೆ ಏನೇನು ಕೊಡುತ್ತೇವೆ ಅನ್ನುವುದು.

ನಮ್ಮ ಮನೆಗಳನ್ನು ನೋಡಿಕೊಳ್ಳುತ್ತಿದ್ದವರು ಅಪ್ಪನ ಸ್ನೇಹಿತರು. ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಿಯಾದವರು. ಚಿಕ್ಕಂದಿನಿಂದ ನಾನು ಅವರನ್ನು ಮಾಮ ಅಂತಲೇ ಕರೆಯುವುದು. ಮೊದಲ ಏಳು ತಿಂಗಳು ನನ್ನ ಪಾಸ್‌ವರ್ಡನ್ನೇ ಅವರಿಗೆ ಕೊಟ್ಟಿದ್ದೆ. ತುಂಬಾ ಜನ ಹೀಗೇ ಮಾಡುತ್ತಾರೆ, ಅಲ್ವಾ? ಆದರೆ ಪ್ರತಿ ಸಲ ಅವರು ಲಾಗಿನ್ ಆಗುವಾಗ ಓಟಿಪಿ ಬರುತ್ತಿದ್ದುದು ನನ್ನ ಫೋನಿಗೆ.

2023ರ ಜೂನ್‌ನಲ್ಲಿ ಗೃಹಜ್ಯೋತಿಗೆ ಅರ್ಜಿ ಶುರುವಾಯಿತು. 200 ಯೂನಿಟ್ ಒಳಗೆ ಕರೆಂಟ್ ಫ್ರೀ, ಬಾಡಿಗೆಗೆ ಇರುವವರಿಗೂ ಸಿಗುತ್ತದೆ ಅಂತ ಗೊತ್ತಾದ ವಾರ ಆರೂ ಮನೆಯವರು ಬೆಸ್ಕಾಂ ಬಿಲ್ಲಿನ ಅಕೌಂಟ್ ಐಡಿ ಕೇಳಿದರು. ಅದೆಲ್ಲ ಆ್ಯಪ್‌ನಲ್ಲಿತ್ತು. ಮಾಮ ಫೋನ್ ಮಾಡಿದಾಗ ನಾನು ಕ್ಲಾಸಿನಲ್ಲಿ. ಓಟಿಪಿ ನೋಡುವಷ್ಟರಲ್ಲಿ ಅದರ ಟೈಮ್ ಮುಗಿದಿರುತ್ತಿತ್ತು. ಒಂದೇ ದಿನ ಒಂಬತ್ತು ಮಿಸ್ಡ್ ಕಾಲ್. ಅವತ್ತು ಸಂಜೆ ಕೂತು ಅವರಿಗೆ ಬೇರೆ ಲಾಗಿನ್ ಕೊಡುವುದು ಹೇಗೆ ಅಂತ ಹುಡುಕಿದೆ.

ಬೇರೆ ಲಾಗಿನ್ ಕೊಡಬೇಕಾದರೆ ಆ್ಯಪ್‌ನಿಂದ ಅವರಿಗೊಂದು ಆಹ್ವಾನದ ಲಿಂಕ್ ಕಳಿಸಬೇಕು. ಅದು ಹೋಗುವುದು ಇಮೇಲ್‌ಗೆ ಮಾತ್ರ. ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನಮ್ಮಲ್ಲಿ ಬ್ಯಾಂಕು, ಗ್ಯಾಸು ಎಲ್ಲದಕ್ಕೂ ಓಟಿಪಿ ಬರುವುದು ಮೊಬೈಲ್ ನಂಬರ್‌ಗೇ. ಮಾಮನ ಫೋನಿನಲ್ಲಿ ಜಿಮೇಲ್ ಇತ್ತು, ಆದರೆ ಅವರು ಅದನ್ನು ಒಂದು ದಿನವೂ ತೆರೆದಿರಲಿಲ್ಲ. ಲಿಂಕ್ 48 ಗಂಟೆಗೆ ಸಾಯುತ್ತದೆ. ಎರಡು ಸಲ ಸತ್ತಿತು. ಕೊನೆಗೆ ಎರಡನೇ ಶನಿವಾರ ನಾನೇ ರೈಲು ಹತ್ತಿ ಬೆಂಗಳೂರಿಗೆ ಹೋದೆ, ಅವರ ಪಕ್ಕದಲ್ಲಿ ಕೂತು ಮಾಡಿಕೊಟ್ಟೆ.

ಹೋಗಿದ್ದು ಒಳ್ಳೆಯದೇ ಆಯಿತು. ಯಾರು ಏನೇನು ನೋಡಬಹುದು, ಏನೇನು ಮಾಡಬಹುದು ಅನ್ನುವುದಕ್ಕೆ ಆ್ಯಪ್‌ನಲ್ಲಿ 'ಪಾತ್ರ' (ರೋಲ್) ಅನ್ನುತ್ತಾರೆ. 'ಮ್ಯಾನೇಜರ್' ಅನ್ನುವ ಸಿದ್ಧ ಪಾತ್ರವನ್ನು ಅವರಿಗೆ ಕೊಟ್ಟಿದ್ದೆ. ಅವರ ಫೋನಿನಲ್ಲಿ ನೋಡಿದರೆ ಎಲ್ಲ ಬಾಡಿಗೆದಾರರ ಆಧಾರ್ ಪ್ರತಿ, ನನ್ನ ಬ್ಯಾಂಕ್ ಖಾತೆ ನಂಬರ್, ಎಲ್ಲ ತೆರೆದುಕೊಂಡಿತ್ತು. ಹಳೆಯ ರಸೀದಿ ಅಳಿಸುವ ಬಟನ್ ಕೂಡ. ಒಂದೊಂದಾಗಿ ಆಫ್ ಮಾಡಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಅಂತ ಬಾಡಿಗೆದಾರರನ್ನು ಕೇಳಿ, ಹಳೆಯ ಪ್ರತಿಗಳನ್ನು ತೆಗೆದು ಅದನ್ನೇ ಹಾಕಿದೆ. ಯಾವ ಆ್ಯಪ್ ಇರಲಿ, ಪಾತ್ರದ ಹೆಸರು ನೋಡಿ ಸುಮ್ನೆ ಒಪ್ಪಿಕೊಳ್ಳಬೇಡಿ. ಆ ಲಾಗಿನ್‌ನಲ್ಲಿ ಏನು ಕಾಣುತ್ತದೆ ಅಂತ ಅವರ ಫೋನಿನಲ್ಲೇ ಒಮ್ಮೆ ನೋಡಿ.

ನಾನು ಆಫ್ ಮಾಡುತ್ತಿದ್ದುದನ್ನು ಮಾಮ ನೋಡುತ್ತಿದ್ದರು. "ಏನಮ್ಮ, ನನ್ನ ಮೇಲೆ ನಂಬಿಕೆ ಹೋಯ್ತಾ?" ಅಂದರು. ನನಗೆ ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಮೂರನೇ ಮನೆಯವರ ಬಾಡಿಗೆ ಬಂತು. ಮಾಮ ತಮ್ಮ ಲಾಗಿನ್‌ನಿಂದಲೇ ರಸೀದಿ ಮಾಡಿದರು. ಕೆಳಗೆ 'ಸ್ವೀಕರಿಸಿದವರು' ಅಂತ ಅವರ ಹೆಸರು ಬಂತು. ಅದನ್ನು ದೊಡ್ಡದು ಮಾಡಿ ಓದಿದರು. "ಟಿಕೆಟ್ ಮೆಷಿನ್‌ನಲ್ಲೂ ಹಿಂಗೇ ಇತ್ತಮ್ಮ. ನಾನು ಹರಿದ ಟಿಕೆಟ್‌ಗೆ ನಾನೇ ಜವಾಬ್ದಾರಿ, ಬೇರೆಯವರು ಹರಿದಿದ್ದು ನನ್ನ ತಲೆಗೆ ಬರ್ತಿರಲಿಲ್ಲ" ಅಂದರು. ನಾನು ವಿವರಿಸಬೇಕಿದ್ದನ್ನು ಅವರೇ ಹೇಳಿಬಿಟ್ಟರು.

ಅಲ್ಲಿಂದ ಎರಡು ವರ್ಷ ಈ ಆ್ಯಪ್ ನನಗೆ ತುಂಬಾ ಖುಷಿ ಕೊಟ್ಟಿತು. ಪ್ರತಿ ತಿಂಗಳು 5ನೇ ತಾರೀಖು ಸಂಜೆ ನಾನು ಕಾಫಿ ಲೋಟ ಹಿಡಿದು ಜಗುಲಿಯಲ್ಲಿ ಕೂರುತ್ತಿದ್ದೆ. ಮಾಮ ಕೆಳಗಿನ ಮನೆಯಿಂದ ಶುರುಮಾಡಿ ಮೇಲಕ್ಕೆ ಹತ್ತುತ್ತಿದ್ದರು. ಫೋನ್ ಒಂದೊಂದೇ ಸಲ ಟಿಂಗ್ ಅನ್ನುತ್ತಿತ್ತು. ಎರಡು ಟಿಂಗ್ ನಡುವೆ ಜಾಸ್ತಿ ಹೊತ್ತಾದರೆ ಯಾರೋ ಅವರನ್ನು ಕೂರಿಸಿ ಮಾತಾಡಿಸುತ್ತಿದ್ದಾರೆ ಅಂತ ಗೊತ್ತಾಗುತ್ತಿತ್ತು. ಆರನೇ ಟಿಂಗ್ ಆದ ಮೇಲೆ ನಾನು ಫೋನ್ ಮಾಡುತ್ತಿದ್ದೆ, ಅದು ಲೆಕ್ಕಕ್ಕಿಂತ ಹೆಚ್ಚಾಗಿ ಮಾತಿಗೆ.

ಖರ್ಚಿಗೂ ಮಿತಿ ಹಾಕಬಹುದು. 1,000 ರೂಪಾಯಿ ದಾಟಿದರೆ ನನ್ನ ಒಪ್ಪಿಗೆ ಬೇಕು ಅಂತ ಇಟ್ಟಿದ್ದೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್ ಕೈಕೊಟ್ಟಿತು. 6,000 ಲೀಟರ್ ಟ್ಯಾಂಕರ್‌ಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು, ಆದರೆ ಆ ದರಕ್ಕೆ ನಮ್ಮ ಬೀದಿಗೆ ಯಾರೂ ಬರಲಿಲ್ಲ. ಟ್ಯಾಂಕರ್ ಗೇಟಿನ ಮುಂದೆ ನಿಂತಿದೆ, ನಾನು ಪರೀಕ್ಷಾ ಕೊಠಡಿಯಲ್ಲಿದ್ದೇನೆ, ಒಪ್ಪಿಗೆ ಕೊಡುವವರಿಲ್ಲ. ಅದೇ ವಾರ ಮಿತಿಯನ್ನು 3,000ಕ್ಕೆ ಏರಿಸಿದೆ. ಆಡಿಟರ್‌ಗೆ ನೋಡಲು, ಟಿಪ್ಪಣಿ ಬರೆಯಲು ಮಾತ್ರ ಬರುವ ಲಾಗಿನ್ ಕೊಟ್ಟಿದ್ದೆ. ಆಸ್ತಿ ತೆರಿಗೆ ರಸೀದಿಗೆ ಅವರು ನನ್ನ ಹಿಂದೆ ಬೀಳುವುದು ನಿಂತಿತು.

ಇಲ್ಲಿಗೇ ಬರೆದು ಮುಗಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ.

2025ರ ಜೂನ್‌ನಲ್ಲಿ ಮಾಮ ಮಂಡಿ ನೋವು ಅಂತ ಹಾಸನಕ್ಕೆ ಮಗಳ ಮನೆಗೆ ಹೋದರು. ಆಡಿಟರ್ ಕೂಡ ಅದೇ ಹೊತ್ತಿಗೆ ಬದಲಾದರು. ಕೆಲಸ ಬಿಟ್ಟವರ ಲಾಗಿನ್ ಉಳಿಸಬಾರದು ಅಂತ ಇಬ್ಬರನ್ನೂ ತೆಗೆದೆ. 'ಖಚಿತವೇ?' ಅಂತ ಆ್ಯಪ್ ಕೇಳಿತು. ಹೌದು ಅಂದೆ. ಬೇರೆ ಯಾವ ಎಚ್ಚರಿಕೆಯೂ ಬರಲಿಲ್ಲ.

ಆಗಸ್ಟ್‌ನಲ್ಲಿ ಎರಡನೇ ಮಹಡಿಯವರು ಮನೆ ಖಾಲಿ ಮಾಡಿದರು. ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. "ಪೇಂಟಿಂಗ್ ದುಡ್ಡು ಹಿಡಿಯಲ್ಲ ಅಂತ ಅಂಕಲ್ ಹೇಳಿದ್ರು" ಅಂತ ಅವರು ಹೇಳಿದರು. ಆ್ಯಪ್ ತೆರೆದೆ. ಟಿಪ್ಪಣಿ ಇತ್ತು: ಬಾಡಿಗೆದಾರರೇ ಬಣ್ಣ ಹೊಡೆಸಿದ್ದಾರೆ, ಹಿಡಿಯಬೇಡಿ. ಬರೆದವರ ಹೆಸರಿನ ಜಾಗದಲ್ಲಿ 'ಹಿಂದಿನ ಬಳಕೆದಾರ' ಅಂತಿತ್ತು. ಮೇಲೆ ಕೆಳಗೆ ನೋಡಿದೆ. ಎರಡು ವರ್ಷದ ಪ್ರತಿ ರಸೀದಿ, ಪ್ರತಿ ಖರ್ಚಿನಲ್ಲೂ ಅದೇ. ಆಡಿಟರ್ ಬರೆದ ಟಿಪ್ಪಣಿಗಳ ಮೇಲೂ ಅದೇ. ಯಾರದು ಯಾವುದು ಅಂತ ಹೇಳುವ ಹಾಗೇ ಇಲ್ಲ.

ಮಾಮನಿಗೆ ಫೋನ್ ಮಾಡಿದೆ. ಅವರಿಗೆ ಬಣ್ಣದ ಡಬ್ಬಿ ಎಲ್ಲಿಟ್ಟಿದ್ದರು ಅನ್ನುವುದೂ ನೆನಪಿತ್ತು. ಪೂರ್ತಿ ಹಣ ವಾಪಸ್ ಕೊಟ್ಟೆ. ಯಾಕಮ್ಮ ಕೇಳಿದ್ದು ಅಂದಾಗ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನನ್ನ ಹೆಸರು ಹೋಯ್ತಾ?" ಅಂದರು.

ಕಂಪನಿಯವರು ಒಂಬತ್ತು ದಿನ ಬಿಟ್ಟು ಉತ್ತರ ಕೊಟ್ಟರು. ತೆಗೆದ ಬಳಕೆದಾರರ ಹೆಸರು ಮತ್ತೆ ತರಲಾಗುವುದಿಲ್ಲವಂತೆ. ತೆಗೆಯುವ ಬದಲು ಅವರ ಪಾತ್ರವನ್ನು 'ನೋಡುವವರು' ಅಂತ ಮಾಡಿ, ಯಾವ ಮನೆಯನ್ನೂ ಕೊಡದೆ ಬಿಟ್ಟರೆ ಹೆಸರು ಉಳಿಯುತ್ತದಂತೆ. ಆದರೆ ನನ್ನ ಪ್ಲಾನ್‌ನಲ್ಲಿ ಮೂವರಿಗೆ ಮಾತ್ರ ಜಾಗ. ನಾಲ್ಕನೆಯವರಿಗೆ ವರ್ಷಕ್ಕೆ 600 ರೂಪಾಯಿ ಜಾಸ್ತಿ. ಲಾಗಿನ್ ಮುಚ್ಚುವುದೇ ಬೇರೆ, ಮಾಡಿದ ಕೆಲಸದ ಮೇಲಿನ ಹೆಸರು ಅಳಿಸುವುದೇ ಬೇರೆ. ಇದನ್ನು ಅವರು ಸರಿಮಾಡಲೇಬೇಕು. ದೂರು ಮುಚ್ಚಲು ನಾನು ಬಿಟ್ಟಿಲ್ಲ.

ಈಗ ಮೂರನೇ ಮಹಡಿಯ ಹುಡುಗಿ ಮನೆಗಳನ್ನು ನೋಡಿಕೊಳ್ಳುತ್ತಾಳೆ. ಅವಳಿಗೂ ಮಾಮನ ಹಾಗೇ ಪಾತ್ರ ಕೊಟ್ಟಿದ್ದೇನೆ. ತಿಂಗಳ ಕೊನೆಗೆ ಎಲ್ಲವನ್ನೂ ಪಿಡಿಎಫ್ ಮಾಡಿ ಇಳಿಸಿಕೊಳ್ಳುತ್ತೇನೆ. ನವೆಂಬರ್‌ನಲ್ಲಿ ಒಂದೇ ವರ್ಷಕ್ಕೆ ಹಣ ಕಟ್ಟಿದೆ, ಮೂರು ವರ್ಷದ ಆಫರ್ ಬೇಡ ಅಂದೆ. ನನ್ನಿಂದ ಮೂರು ಸ್ಟಾರ್.

ಇನ್ನೊಂದು ಮಾಡಿದ್ದೇನೆ. ಮಾಮ ಆಗ ಬಾಡಿಗೆದಾರರಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ರಸೀದಿಗಳಲ್ಲಿ ಅವರ ಹೆಸರು ಹಾಗೇ ಇದೆ. ಆರು ಮನೆ, 24 ತಿಂಗಳು, ಒಟ್ಟು 144 ಇರಬೇಕು. ಎಲ್ಲರನ್ನೂ ಕೇಳಿ ತರಿಸಿಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ 57 ಸಿಕ್ಕಿವೆ.