ಎಟಿಆರ್, ಕ್ಯೂ400, ಇ175: ಹುಬ್ಬಳ್ಳಿ–ಬೆಳಗಾವಿ ದೂರಕ್ಕೆ ಯಾವುದು ಸರಿ?

ಚಿಕ್ಕಬಳ್ಳಾಪುರದಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೆದ್ದಾರಿ 44ರಲ್ಲಿ ಮುಕ್ಕಾಲು ಗಂಟೆ ಸಾಕು. ಬೆಂಗಳೂರಿನ ಟ್ರಾಫಿಕ್‌ಗೆ ಕಾಲಿಡುವ ಅಗತ್ಯವೇ ಇಲ್ಲ. ಕೋಲಾರದವರು ದೇವನಹಳ್ಳಿ ಪಕ್ಕದ ವಿಜಯಪುರದ ಮೇಲೆ, ತುಮಕೂರಿನವರು ದಾಬಸ್‌ಪೇಟೆ–ದೊಡ್ಡಬಳ್ಳಾಪುರದ ಮೇಲೆ ಊರೊಳಗೆ ಹೋಗದೆಯೇ ದೇವನಹಳ್ಳಿ ತಲುಪಬಹುದು. ಹಾಗಾಗಿ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ ಕಡೆಗಿನ ಸಣ್ಣ ವಿಮಾನಗಳ ಅನುಕೂಲ ಜಯನಗರದವರಿಗಿಂತ ನಮಗೇ ಹೆಚ್ಚು. ಈ ಮಾರ್ಗಗಳಿಗೆ ಯಾವ ವಿಮಾನ ಬರುತ್ತದೆ ಅನ್ನುವುದೂ ಅಷ್ಟೇ ಮುಖ್ಯ.

ಹಳೆಯ ವಿಮಾನಗಳನ್ನು ಬದಲಿಸಲು ಹೊರಟ ಪ್ರಾದೇಶಿಕ ಕಂಪನಿಯ ಮುಂದೆ ಇವತ್ತು ಮೂರು ದಾರಿಗಳಿವೆ. ಹೊಸ ಎಟಿಆರ್ 72-600 ತರುವುದು, ಬಳಸಿದ ಕ್ಯೂ400 ತರುವುದು, ಇಲ್ಲವೇ ಟರ್ಬೊಪ್ರಾಪ್ (ಪ್ರೊಪೆಲರ್ ತಿರುಗಿಸುವ ಎಂಜಿನ್ನಿನ ವಿಮಾನ) ಬಿಟ್ಟು ಎಂಬ್ರೇಯರ್ ಇ175 ಜೆಟ್‌ಗೆ ಹೋಗುವುದು. ಇಂಡಿಗೊ 2017ರಲ್ಲಿ 50 ಎಟಿಆರ್‌ಗಳ ಒಪ್ಪಂದ ಮಾಡಿಕೊಂಡು ಮೊದಲನೆಯ ದಾರಿ ಹಿಡಿಯಿತು. ಸ್ಪೈಸ್‌ಜೆಟ್ 2010ರಲ್ಲಿ 15 ಕ್ಯೂ400ಗಳಿಗೆ ಆರ್ಡರ್ ಕೊಟ್ಟಿತ್ತು. ಸ್ಟಾರ್ ಏರ್ 2023ರಲ್ಲಿ 76 ಆಸನಗಳ ಇ175 ಸೇರಿಸಿಕೊಂಡಿತು. ಮೂರರಲ್ಲೂ ಕೂತು, ಲೆಕ್ಕ ಹಾಕಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: 500 ಕಿಲೋಮೀಟರ್ ಒಳಗಿನ ದೂರಕ್ಕೆ ಎಟಿಆರ್ 72-600 ಸರಿಯಾದ ಆಯ್ಕೆ. ಆದರೆ ಅದು ಎಲ್ಲದರಲ್ಲೂ ಗೆಲ್ಲುವುದಿಲ್ಲ. ಸೋಲುವ ಜಾಗಗಳನ್ನೂ ಹೇಳಬೇಕು.

ವೇಗದ ಲೆಕ್ಕ

ಕ್ಯೂ400 ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ವೇಗವನ್ನೇ. ಗರಿಷ್ಠ ಕ್ರೂಸ್ ವೇಗ, ಅಂದರೆ ಮೇಲೆ ಏರಿದ ಮೇಲೆ ಒಂದೇ ಸಮ ಹಾರುವ ವೇಗ, ಗಂಟೆಗೆ 667 ಕಿಲೋಮೀಟರ್. ಎಟಿಆರ್‌ನದು 510. ಕಾಗದದ ಮೇಲೆ ದೊಡ್ಡ ಅಂತರವೇ. ಆದರೆ ಬೆಂಗಳೂರು–ಹುಬ್ಬಳ್ಳಿ ಆಕಾಶಮಾರ್ಗ ಸುಮಾರು 370 ಕಿಲೋಮೀಟರ್ ಅಷ್ಟೇ. ಏರುವುದು, ಇಳಿಯುವುದು ಕಳೆದರೆ ಪೂರ್ತಿ ವೇಗದಲ್ಲಿ ಹೋಗುವುದು 250 ಕಿಲೋಮೀಟರ್ ಇರಬಹುದು. ಅಷ್ಟಕ್ಕೆ ಎಟಿಆರ್‌ಗೆ 29 ನಿಮಿಷ, ಕ್ಯೂ400ಗೆ 22 ನಿಮಿಷ ಚಿಲ್ಲರೆ. ಉಳಿದದ್ದು ಏಳು ನಿಮಿಷ. ಬೆಳಗಾವಿಗೆ ಹೋದರೆ ಒಂಬತ್ತು ನಿಮಿಷ ಉಳಿಯಬಹುದು. ನಿಲ್ದಾಣದಲ್ಲಿ ಬಸ್ಸಿನೊಳಗೆ ನಿಂತು ಕಾಯುವುದರಲ್ಲೇ ಅದಕ್ಕಿಂತ ಹೆಚ್ಚು ಹೊತ್ತು ಹೋಗುತ್ತದೆ.

ಇ175 ಇನ್ನೂ ವೇಗದ್ದು, ಮೇಲೆ ಗಂಟೆಗೆ 800 ಕಿಲೋಮೀಟರ್ ದಾಟುತ್ತದೆ. ಆದರೂ ಹುಬ್ಬಳ್ಳಿಯಷ್ಟು ದೂರಕ್ಕೆ ಆ ವೇಗ ಮುಟ್ಟುವಷ್ಟರಲ್ಲಿ ಇಳಿಯಲು ಶುರುಮಾಡಬೇಕು. ದೂರ 700 ಕಿಲೋಮೀಟರ್ ದಾಟಿದರೆ ಮಾತ್ರ ಈ ವ್ಯತ್ಯಾಸಕ್ಕೆ ಬೆಲೆ. ಅಲ್ಲಿ ಎಟಿಆರ್‌ನಲ್ಲಿ ಕೂತವರಿಗೆ ನಿಜಕ್ಕೂ ಬೇಸರ ಬರುತ್ತದೆ.

ಎಟಿಆರ್‌ಗೆ ಇನ್ನೊಂದು ಸಮಸ್ಯೆ ಇದೆ, ಅದು ಏರಿಕೆಯಲ್ಲಿ ನಿಧಾನ. ಪೂರ್ತಿ ತೂಕದಲ್ಲಿ 17,000 ಅಡಿಗೆ ಏರಲು ಸುಮಾರು 17 ನಿಮಿಷ ಬೇಕು. ದೇವನಹಳ್ಳಿ ನಿಲ್ದಾಣವೇ ಸಮುದ್ರಮಟ್ಟದಿಂದ 915 ಮೀಟರ್ ಎತ್ತರದಲ್ಲಿದೆ. ಏಪ್ರಿಲ್‌ನ ಮಧ್ಯಾಹ್ನ ಗಾಳಿ ತೆಳುವಾಗಿ, ಎಂಜಿನ್ನಿಗೂ ರೆಕ್ಕೆಗೂ ಹಿಡಿತ ಕಡಿಮೆಯಾಗುತ್ತದೆ. 4,000 ಮೀಟರ್ ರನ್‌ವೇ ಇರುವುದರಿಂದ ಟೇಕಾಫ್‌ಗೆ ತೊಂದರೆಯಿಲ್ಲ, ಏರಿಕೆ ಮಾತ್ರ ಇನ್ನಷ್ಟು ನಿಧಾನ. ಏರ್‌ಬಸ್‌ಗಳ ಸಾಲಿನ ನಡುವೆ ನಿಧಾನದ ವಿಮಾನವನ್ನು ಸೇರಿಸುವುದು ಟ್ರಾಫಿಕ್ ನಿಯಂತ್ರಕರಿಗೂ ಕಷ್ಟ. ಸಂಜೆಯ ದಟ್ಟಣೆಯಲ್ಲಿ ಟರ್ಬೊಪ್ರಾಪ್‌ಗೆ ಒಂದೆರಡು ಸುತ್ತು ಹೆಚ್ಚಿಗೆ ಬೀಳುವುದು ಈ ಕಾರಣಕ್ಕೂ ಇರುತ್ತದೆ.

ಸದ್ದು

ಟರ್ಬೊಪ್ರಾಪ್ ಅಂದರೆ ಗದ್ದಲ ಎಂದು ಟಿಕೆಟ್ ಬದಲಿಸುವವರಿದ್ದಾರೆ. ಇಲ್ಲಿ ಮೂರೂ ವಿಮಾನಗಳು ಸ್ಪಷ್ಟವಾಗಿ ಬೇರೆ ಬೇರೆ.

ಎಟಿಆರ್‌ನ ಪ್ರೊಪೆಲರ್‌ಗೆ ಆರು ಅಲಗು. ಟೇಕಾಫ್‌ನಲ್ಲಿ ನಿಮಿಷಕ್ಕೆ 1,200 ಸುತ್ತು, ಮೇಲೆ ಹೋದ ಮೇಲೆ 82 ಶೇಕಡಕ್ಕೆ, ಅಂದರೆ 984 ಸುತ್ತಿಗೆ ಇಳಿಸುತ್ತಾರೆ. ಆಗ ಸೆಕೆಂಡಿಗೆ ಸುಮಾರು 98 ಸಲ ಒಂದೊಂದು ಅಲಗು ಕಿಟಕಿಯ ಪಕ್ಕ ಹಾದು ಹೋಗುತ್ತದೆ. ಕಿವಿಗೆ ಬೀಳುವ ಮಂದ ಗುಂಯ್‌ಗಾಟ ಅದೇ. ಕ್ಯೂ400ನಲ್ಲಿ ಪ್ರೊಪೆಲರ್ ದೊಡ್ಡದು, 4.1 ಮೀಟರ್. ಕ್ರೂಸ್‌ನಲ್ಲಿ 850 ಸುತ್ತು, ಸೆಕೆಂಡಿಗೆ 85 ಬಡಿತ. ಸ್ವರ ಇನ್ನೂ ಕೆಳಗಿನದು.

ಎಡ ಬಲ ಪ್ರೊಪೆಲರ್‌ಗಳ ವೇಗದಲ್ಲಿ ನಿಮಿಷಕ್ಕೆ ಹತ್ತು ಸುತ್ತು ವ್ಯತ್ಯಾಸ ಬಂದರೂ ಸೆಕೆಂಡಿಗೊಮ್ಮೆ ವೂಂ… ವೂಂ… ಎಂದು ಸದ್ದು ಏರಿಳಿಯುತ್ತದೆ. ತಲೆನೋವು ತರುವುದು ಒಟ್ಟು ಸದ್ದಿಗಿಂತ ಈ ಏರಿಳಿತವೇ. ಎರಡನ್ನೂ ಹೊಂದಿಸುವ ಸಾಧನ ಇದ್ದೇ ಇರುತ್ತದೆ. ಅದು ಸರಿಯಾಗಿ ಕೆಲಸ ಮಾಡಿದರೆ ಸದ್ದು ಒಂದೇ ಸಮ ಇರುತ್ತದೆ. ಮೇಲೆ ಹೋಗಿ ಹತ್ತು ನಿಮಿಷವಾದ ಮೇಲೂ ಏರಿಳಿತ ನಿಲ್ಲದಿದ್ದರೆ ಹೊಂದಾಣಿಕೆ ತಪ್ಪಿದೆ ಎಂದರ್ಥ. ಗಾಬರಿ ಪಡುವಂಥದ್ದಲ್ಲ.

ಕ್ಯೂ400ಗೆ ಇಲ್ಲಿ ದೊಡ್ಡ ಅನುಕೂಲವೊಂದಿದೆ. ಒಳಗೆ ಅಲ್ಲಲ್ಲಿ ಅಡಗಿಸಿಟ್ಟ ಮೈಕ್ರೊಫೋನ್‌ಗಳು ಸದ್ದನ್ನು ಅಳೆಯುತ್ತವೆ. ಬಾಡಿಯ ಚೌಕಟ್ಟಿಗೆ ಕೂರಿಸಿದ ಸಾಧನಗಳು ಅದಕ್ಕೆ ಎದುರು ಕಂಪನ ಹುಟ್ಟಿಸಿ ಸದ್ದನ್ನು ಅಡಗಿಸುತ್ತವೆ. ಚೆನ್ನಾಗಿ ನಡೆಯುವಾಗ ಹಿಂದಿನ ಸಾಲುಗಳಲ್ಲಿ ಮೆಲ್ಲಗೆ ಮಾತಾಡಬಹುದು. ಆದರೆ ವಯಸ್ಸಾದ ವಿಮಾನದಲ್ಲಿ ಇದೂ ರಿಪೇರಿ ಕೇಳುವ ಇನ್ನೊಂದು ಸಾಮಾನು. ಕೆಟ್ಟರೆ ಮುಂದಿನ ಸಾಲುಗಳು ಎಟಿಆರ್‌ಗಿಂತ ಜೋರು. ಇ175ನಲ್ಲಿ ಈ ತಾಪತ್ರಯವೇ ಇಲ್ಲ. ಎಂಜಿನ್ ರೆಕ್ಕೆಯ ಕೆಳಗೆ, ಸದ್ದು ಸಾಮಾನ್ಯ ಜೆಟ್‌ನದು. ಮೌನ ಬೇಕೆನ್ನುವವರಿಗೆ ಇದೇ ಮೊದಲ ಆಯ್ಕೆ, ಅನುಮಾನವಿಲ್ಲ.

ಹತ್ತುವುದು, ಇಳಿಯುವುದು, ಲಗೇಜು

ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂದೆ. ಮುಂದೆ ಕಾಕ್‌ಪಿಟ್‌ಗೂ ಆಸನಗಳಿಗೂ ನಡುವೆ ಲಗೇಜ್ ಕೋಣೆ ಇದೆ. ನೆಲದಿಂದ ಬಾಗಿಲಿಗೆ 1.2 ಮೀಟರ್ ಎತ್ತರವಷ್ಟೇ, ವಿಮಾನದ ಬಾಗಿಲೇ ಮೆಟ್ಟಿಲಾಗಿ ಬಿಚ್ಚಿಕೊಳ್ಳುತ್ತದೆ. ಮಂಡಿನೋವಿನ ಅಜ್ಜಿಯರಿಗೆ ಮೂರರಲ್ಲಿ ಇದೇ ಸಲೀಸು. ಕ್ಯೂ400 ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರ, ಅಲ್ಲಿ ಮೆಟ್ಟಿಲು ಮುಂದೆ. ಇ175ರ ಬಾಗಿಲು ಇದರ ಎರಡು ಪಟ್ಟಿಗೂ ಮೇಲಿದೆ. ಏರೊಬ್ರಿಡ್ಜ್ ಸಿಗದ ಸಣ್ಣ ನಿಲ್ದಾಣದಲ್ಲಿ ಉದ್ದದ ಏಣಿ ಹತ್ತಬೇಕು.

ಎಲ್ಲರೂ ಹಿಂದಿನ ಬಾಗಿಲಲ್ಲೇ ಹತ್ತುವುದರಿಂದ ಎಟಿಆರ್‌ನ ಬಾಲ ಭಾರವಾಗಿ ಕೆಳಗೆ ವಾಲುವ ಅಪಾಯವಿದೆ. ಅದಕ್ಕೇ ಬಾಲದ ಕೆಳಗೆ ಒಂದು ಕಂಬ ಆನಿಸಿಟ್ಟಿರುತ್ತಾರೆ. ಹತ್ತುವಾಗ ಬಗ್ಗಿ ನೋಡಿದರೆ ಕಾಣುತ್ತದೆ. ಅರ್ಧ ಖಾಲಿ ವಿಮಾನದಲ್ಲಿ ಸಿಬ್ಬಂದಿ “ದಯವಿಟ್ಟು ಮುಂದಕ್ಕೆ ಬಂದು ಕೂತ್ಕೊಳ್ಳಿ” ಅನ್ನುವುದಕ್ಕೂ ತೂಕದ ಸಮತೋಲವೇ ಕಾರಣ. ಆಗ ಹಟ ಮಾಡಬಾರದು.

ಬಾಲದಲ್ಲಿ ಸಹಾಯಕ ಎಂಜಿನ್ ಇಟ್ಟುಕೊಳ್ಳುವುದು ಬಿಟ್ಟು, ಎಟಿಆರ್ ತನ್ನ ಬಲಗಡೆ ಎಂಜಿನ್ನನ್ನೇ ಪ್ರೊಪೆಲರ್‌ಗೆ ಬ್ರೇಕ್ ಹಾಕಿ ಓಡಿಸುತ್ತದೆ. ವಿದ್ಯುತ್ತು, ಎಸಿ ಎರಡೂ ಅದರಿಂದಲೇ. ಹೊರಗಿನಿಂದ ಕರೆಂಟು ಕೊಡುವ ಗಾಡಿ ಇಲ್ಲದ ನಿಲ್ದಾಣದಲ್ಲೂ ಕೆಲಸ ನಡೆಯುತ್ತದೆ. ಹತ್ತು ಹದಿನೈದು ವರ್ಷ ಹಾರಬೇಕಾದ ವಿಮಾನದಲ್ಲಿ ಒಂದು ಎಂಜಿನ್ ಕಡಿಮೆ ಅಂದರೆ ಸಣ್ಣ ಉಳಿತಾಯವಲ್ಲ.

ಲಗೇಜಿನಲ್ಲಿ ಎಟಿಆರ್ ಸೋಲುತ್ತದೆ. ತಲೆಯ ಮೇಲಿನ ಗೂಡಿನಲ್ಲಿ ಗಾಲಿಯ ಟ್ರಾಲಿ ಬ್ಯಾಗ್ ಸಲೀಸಾಗಿ ಕೂರುವುದಿಲ್ಲ. ಎಷ್ಟೋ ಸಲ ಮೆಟ್ಟಿಲ ಬುಡದಲ್ಲೇ ಅದನ್ನು ತೆಗೆದುಕೊಂಡು ಲಗೇಜ್ ಕೋಣೆಗೆ ಹಾಕುತ್ತಾರೆ. ಲ್ಯಾಪ್‌ಟಾಪ್, ಔಷಧಿ, ಒಡವೆ ಬೇರೆ ಚೀಲದಲ್ಲಿರಲಿ. ನಂಟರ ಮನೆಗೆ ದಿಲ್‌ಖುಷ್ ದ್ರಾಕ್ಷಿಯೋ ಶ್ರೀನಿವಾಸಪುರದ ಮಾವೋ ಒಯ್ಯುವವರು ರಟ್ಟಿನ ಪೆಟ್ಟಿಗೆಯನ್ನು ಚೆಕ್‌ಇನ್‌ಗೇ ಕೊಡಿ. 15 ಕಿಲೋ ಮಿತಿಯಲ್ಲಿ ಅದೂ ಸೇರುತ್ತದೆ. ದ್ರಾಕ್ಷಿ ಪೆಟ್ಟಿಗೆಯ ಮೇಲೆ ಇನ್ನೊಂದು ಸೂಟ್‌ಕೇಸ್ ಬೀಳದೆ ಇರುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಾದರೆ ಒಳ್ಳೆಯದು.

ಕಾಲಿಡುವ ಜಾಗ ವಿಮಾನಕ್ಕಿಂತ ಕಂಪನಿಯ ಮೇಲೆ ನಿಂತಿದೆ. ಅದೇ ಎಟಿಆರ್‌ನಲ್ಲಿ ಅಲಯನ್ಸ್ ಏರ್ 70 ಆಸನ ಹಾಕಿದರೆ ಇಂಡಿಗೊ 78 ಹಾಕುತ್ತದೆ. ಎರಡು ಸಾಲು ಹೆಚ್ಚಾದಾಗ ಪ್ರತಿ ಸಾಲಿನಿಂದಲೂ ಇಂಚು ಎರಡು ಇಂಚು ಕಳೆಯಲೇಬೇಕು. ಆರಡಿ ಎತ್ತರದವರಿಗೆ ಅದು ಗೊತ್ತಾಗುತ್ತದೆ.

ಖರ್ಚು

ಕಂಪನಿ ಇಲ್ಲೇ ತೀರ್ಮಾನ ಮಾಡುತ್ತದೆ, ನಮ್ಮ ಟಿಕೆಟ್ ದರವೂ ಇಲ್ಲಿಂದಲೇ ಹುಟ್ಟುತ್ತದೆ. ಎಟಿಆರ್ ಗಂಟೆಗೆ ಸುಮಾರು 700 ಕಿಲೋ ಇಂಧನ ಕುಡಿಯುತ್ತದೆ. ವೇಗವಾಗಿ ಹಾರಿಸಿದ ಕ್ಯೂ400 ಸಾವಿರದ ಆಸುಪಾಸು. ಅದೇ ಹುಬ್ಬಳ್ಳಿಗೆ ಕ್ಯೂ400 ಬೇಗ ತಲುಪಿದರೂ ಇಂಧನ ಸುಮಾರು ಕಾಲು ಭಾಗ ಹೆಚ್ಚು. ಇ175ಗೆ ಎಟಿಆರ್‌ನ ಹೆಚ್ಚುಕಡಿಮೆ ಎರಡು ಪಟ್ಟು. ಏಳು ನಿಮಿಷಕ್ಕಾಗಿ ಇಷ್ಟು ತೆರಬೇಕೇ?

ಸರ್ಕಾರದ ನಿಯಮಗಳೂ ಸಣ್ಣ ವಿಮಾನದ ಪರ. 40,000 ಕಿಲೋಗಿಂತ ಕಡಿಮೆ ತೂಕದ ವಿಮಾನಕ್ಕೆ ಹಾಕುವ ಇಂಧನ ಕೇಂದ್ರ ಮಾರಾಟ ತೆರಿಗೆ ಕಾಯ್ದೆಯಲ್ಲಿ ಘೋಷಿತ ಸರಕು, ರಾಜ್ಯಗಳು ಅದರ ಮೇಲೆ 5 ಶೇಕಡಕ್ಕಿಂತ ಹೆಚ್ಚು ತೆರಿಗೆ ಹಾಕುವಂತಿಲ್ಲ. ಎಟಿಆರ್ 23 ಟನ್, ಕ್ಯೂ400 ಮೂವತ್ತರ ಒಳಗೆ, ಇ175ರ ಎಲ್‌ಆರ್ ಮಾದರಿ 38,790 ಕಿಲೋ. ಮೂರೂ ಇದರೊಳಗೆ ಬರುತ್ತವೆ. ಇನ್ನೊಂದು, ವಿಮಾನ ನಿಲ್ದಾಣ ಪ್ರಾಧಿಕಾರದ ನಿಲ್ದಾಣಗಳಲ್ಲಿ 80ಕ್ಕಿಂತ ಕಡಿಮೆ ಆಸನದ ದೇಶೀಯ ವಿಮಾನಕ್ಕೆ ಇಳಿಯುವ ಶುಲ್ಕವಿಲ್ಲ. 78, 76 ಎಂಬ ಸಂಖ್ಯೆಗಳು ಏಕೆ ಮತ್ತೆ ಮತ್ತೆ ಕಾಣುತ್ತವೆ ಎಂಬುದಕ್ಕೆ ಇದೂ ಒಂದು ಕಾರಣ. 90 ಆಸನದ ಕ್ಯೂ400 ತಂದರೆ ಈ ಲಾಭ ಕೈಬಿಡುತ್ತದೆ.

ಕ್ಯೂ400ಗೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆ. ಅದರ ತಯಾರಿಕೆ 2021ರಲ್ಲಿ ನಿಂತಿದೆ. ಅದನ್ನು ತಯಾರಿಸುತ್ತಿದ್ದ ಡಿ ಹ್ಯಾವಿಲೆಂಡ್ ಕೆನಡಾ ಹಳೆಯವನ್ನು ನವೀಕರಿಸಿ ಕೊಡುತ್ತದೆ, ಹೊಸದು ಸಿಗುವುದಿಲ್ಲ. ಹೊಸ ದೊಡ್ಡ ಟರ್ಬೊಪ್ರಾಪ್ ಬೇಕೆಂದರೆ ತುಲೂಸ್‌ನ ಎಟಿಆರ್ ಬಾಗಿಲು ತಟ್ಟದೆ ನಮ್ಮ ಕಂಪನಿಗಳಿಗೆ ಬೇರೆ ದಾರಿಯಿಲ್ಲ. ಒಬ್ಬನೇ ಮಾರುವವನಿರುವ ಸಂತೆ ಇದು, ಬೆಲೆಯಲ್ಲೂ ಡೆಲಿವರಿಯಲ್ಲೂ ಚೌಕಾಶಿಗೆ ಜಾಗ ಕಡಿಮೆ.

ಹಳೆಯ ಎಟಿಆರ್ 72-500 ಬಿಟ್ಟು 72-600 ತಂದರೆ ಬದಲಾಗುವುದೇನು?

ಹೊರಗಿನಿಂದ ಎರಡೂ ಒಂದೇ. ಒಳಗೆ ಕಾಕ್‌ಪಿಟ್‌ನಲ್ಲಿ ಮುಳ್ಳಿನ ಮೀಟರುಗಳ ಬದಲು ಐದು ದೊಡ್ಡ ಪರದೆಗಳು. ಪೈಲಟ್‌ಗಳಿಗೆ ಪೂರ್ತಿ ಹೊಸ ತರಬೇತಿ ಬೇಡ, ವ್ಯತ್ಯಾಸದ ಕೋರ್ಸ್ ಸಾಕು. 2022ರಿಂದ ಬರುವ ಪಿಡಬ್ಲ್ಯು127ಎಕ್ಸ್‌ಟಿ ಎಂಜಿನ್ 3 ಶೇಕಡ ಇಂಧನ ಉಳಿಸುತ್ತದೆ, ರೆಕ್ಕೆಯಿಂದ ಇಳಿಸದೆ 40 ಶೇಕಡ ಹೆಚ್ಚು ಕಾಲ ಓಡುತ್ತದೆ ಎಂದು ತಯಾರಕರು ಹೇಳುತ್ತಾರೆ. ಎರಡನೆಯದೇ ಮುಖ್ಯ. ಎಂಜಿನ್ ಶಾಪ್‌ಗೆ ಹೋದಾಗ ಬದಲಿ ಎಂಜಿನ್ ಇಲ್ಲದೆ ವಿಮಾನ ನಿಂತರೆ, ಆ ಮಾರ್ಗವೇ ವಾರಗಟ್ಟಲೆ ರದ್ದಾಗುತ್ತದೆ.

ಪರದೆಗಳ ಉಪಯೋಗ ಪ್ರಯಾಣಿಕನಿಗೂ ಇದೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೊದ ಎಟಿಆರ್ 72-600 ನಮ್ಮ ಗಗನ್ ಉಪಗ್ರಹ ವ್ಯವಸ್ಥೆಯ ನೆರವಿನಿಂದ ಇಳಿಯಿತು. ನೆಲದಲ್ಲಿ ಐಎಲ್‌ಎಸ್ (ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರುವ) ಯಂತ್ರ ಇಲ್ಲದ ನಿಲ್ದಾಣದಲ್ಲೂ ಗೋಚರತೆ ಕಡಿಮೆಯಿದ್ದಾಗ ಇಳಿಯಲು ಇದು ದಾರಿ ಮಾಡುತ್ತದೆ. ಮಳೆಗಾಲದ ಮಲೆನಾಡಿನ ಅಂಚಿಗೆ ಹಾರುವವರಿಗೆ, ಮೋಡ ಕವಿದು ವಾಪಸ್ ಬೆಂಗಳೂರಿಗೇ ಬಂದ ವಿಮಾನದಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು.

ಮೋಡ, ಕುಲುಕಾಟ, ಸುರಕ್ಷತೆ

ಟರ್ಬೊಪ್ರಾಪ್‌ಗಳು ಇಂಥ ದೂರಕ್ಕೆ 16ರಿಂದ 20 ಸಾವಿರ ಅಡಿಯಲ್ಲಿ ಹಾರುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೋಡದ ಹೊಟ್ಟೆ ಇರುವುದೂ ಅಲ್ಲೇ. ಜೆಟ್ ಅದರ ಮೇಲೆ ಹೋಗುತ್ತದೆ, ಇವು ಸುತ್ತು ಹಾಕಿ ಹೋಗಬೇಕು. ಕುಲುಕಾಟ ಹೆಚ್ಚು, ಒಪ್ಪಿಕೊಳ್ಳಬೇಕು. ಎತ್ತರ ಕಡಿಮೆಯಾದ್ದರಿಂದ ಕಿವಿ ಅಷ್ಟಾಗಿ ಕಟ್ಟುವುದಿಲ್ಲ, ಮಕ್ಕಳಿರುವವರಿಗೆ ಅದು ಸಮಾಧಾನ.

ಅದೇ ಎತ್ತರದಲ್ಲಿ ರೆಕ್ಕೆಗೆ ಹಿಮ ಕಟ್ಟುವ ಸಾಧ್ಯತೆಯೂ ಇದೆ. ರೆಕ್ಕೆಯ ಮುಂಚೂಣಿಯ ಕಪ್ಪು ರಬ್ಬರ್ ಪಟ್ಟಿ ಗಾಳಿ ತುಂಬಿ ಉಬ್ಬಿ ಅದನ್ನು ಒಡೆದು ಉದುರಿಸುತ್ತದೆ. 2024ರ ಆಗಸ್ಟ್ 9ರಂದು ಬ್ರೆಜಿಲ್‌ನಲ್ಲಿ ಬಿದ್ದ ಎಟಿಆರ್ 72-500ರ ತನಿಖೆಯಲ್ಲಿ ಹಿಮದ ಮಾತೇ ಮುಂದಿತ್ತು. 2023ರ ಜನವರಿಯಲ್ಲಿ ಪೊಖರಾದಲ್ಲಿ ಬಿದ್ದದ್ದಕ್ಕೆ ಕಾರಣ ಬೇರೆ, ಅಲ್ಲಿ ಪೈಲಟ್ ತಪ್ಪು ಲಿವರ್ ಎಳೆದಿದ್ದರು. ಕ್ಯೂ400ಗೂ ಕಳಂಕವಿದೆ. 2007ರಲ್ಲಿ ಚಕ್ರದ ಗೇರ್ ಕುಸಿದ ಪ್ರಕರಣಗಳ ನಂತರ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ತನ್ನ ಕ್ಯೂ400ಗಳನ್ನೆಲ್ಲ ಕೈಬಿಟ್ಟಿತು. ವಿಮಾನದ ಮಾದರಿಗಿಂತ ತರಬೇತಿ ಮತ್ತು ನಿರ್ವಹಣೆಯನ್ನೇ ನಾವು ಹೆಚ್ಚು ನೋಡಬೇಕು ಎಂಬುದು ನಮ್ಮ ನಿಲುವು.

ಮೈಸೂರಿಗೆ ಬಂದರೆ ಚರ್ಚೆಯೇ ಮುಗಿಯಿತು. 1,740 ಮೀಟರ್ ರನ್‌ವೇ ಪೂರ್ತಿ ತೂಕದ ಇ175ಗೆ ಸಾಲದು, ಎಟಿಆರ್‌ಗೆ ಧಾರಾಳ.

ಯಾವ ಸೀಟು?

ಎಟಿಆರ್‌ನಲ್ಲಿ ಪ್ರೊಪೆಲರ್ ಇರುವುದು ಮುಂದಿನ ಸಾಲುಗಳ ಪಕ್ಕ. ಹನ್ನೆರಡನೇ ಸಾಲಿನಿಂದ ಹಿಂದೆ ಕೂತರೆ ಸದ್ದು ಕಡಿಮೆ, ಬಾಗಿಲು ಹತ್ತಿರ, ಇಳಿಯುವುದರಲ್ಲೂ ಮೊದಲು. ಸೀಟಿಗೆ ಹೆಚ್ಚು ದುಡ್ಡು ಕೊಟ್ಟು ಮುಂದೆ ಕೂರುವುದು ಇಲ್ಲಿ ನಷ್ಟ. ಕ್ಯೂ400ನಲ್ಲೂ ಹಿಂದಿನ ಭಾಗವೇ ಶಾಂತ, ಆದರೆ ಬಾಗಿಲು ಮುಂದಿರುವುದರಿಂದ ಇಳಿಯಲು ಕಾಯಬೇಕು. ಅದರ ಚಕ್ರಗಳು ಎಂಜಿನ್ ಗೂಡಿನಿಂದಲೇ ಇಳಿಯುತ್ತವೆ. ರೆಕ್ಕೆಯ ಕೆಳಗಿನ ಕಿಟಕಿಯಲ್ಲಿ ಕೂತರೆ ಗೇರ್ ಬಿಚ್ಚಿಕೊಂಡು ನೆಲ ಮುಟ್ಟುವುದು ಕಣ್ಣೆದುರೇ ಕಾಣುತ್ತದೆ, ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಸೀಟಿಲ್ಲ. ಇಳಿಯುವುದು ಸ್ವಲ್ಪ ಗಟ್ಟಿಯಾಗಿರುತ್ತದೆ. ವಿಮಾನ 32.8 ಮೀಟರ್ ಉದ್ದವಿರುವುದರಿಂದ ಬಾಲ ನೆಲಕ್ಕೆ ತಾಗದಂತೆ ಮೂಗನ್ನು ಹೆಚ್ಚು ಎತ್ತದೆ ಇಳಿಸಬೇಕಾಗುತ್ತದೆ.

ಎಟಿಆರ್, ಕ್ಯೂ400 ಎರಡಕ್ಕೂ ರೆಕ್ಕೆ ಮೇಲಿರುವುದರಿಂದ ಕೆಳಗಿನ ಊರು, ಕೆರೆ ಅಡ್ಡಿಯಿಲ್ಲದೆ ಕಾಣುತ್ತವೆ. ಬೆಳಗ್ಗೆ ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗೆ ಹೋಗುವಾಗ ಎಡಗಡೆ ‘ಎ’ ಕಿಟಕಿ ಹಿಡಿಯಿರಿ, ಬಿಸಿಲು ಬಲಕ್ಕೆ ಬೀಳುತ್ತದೆ. ಸಂಜೆ ವಾಪಸ್ ಬರುವಾಗಲೂ ‘ಎ’ ಕಿಟಕಿಯೇ, ಆಗಲೂ ಸೂರ್ಯ ಬಲಗಡೆಯೇ ಇರುತ್ತಾನೆ.