ಫ್ಯಾಮಿಲಿ ಫೋಟೋದ ನೆರಳಿಗೆ ಯಾವ ಆ್ಯಪ್? ನಾಲ್ಕನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಮುಖದ ಮೇಲಿನ ನೆರಳು ತಿದ್ದಲು ನನ್ನ ಓಟು ಸ್ನ್ಯಾಪ್‌ಸೀಡ್‌ಗೆ. ಗೋಡೆ ಮೇಲೆ ಬಿದ್ದ ಫ್ಲ್ಯಾಶ್ ನೆರಳಿಗೆ ಲ್ಯಾಪ್‌ಟಾಪ್‌ನಲ್ಲಿ ಗಿಂಪ್. ಒಂದೇ ಜಾಗದಲ್ಲಿ ತೆಗೆದ ರಾಶಿ ಫೋಟೋ ಒಟ್ಟಿಗೆ ತಿಳಿಯಾಗಬೇಕು ಅಂದರೆ ಲೈಟ್‌ರೂಮ್. ಅವಸರಕ್ಕೆ ಗೂಗಲ್ ಫೋಟೋಸ್. ನಾನು ಈಗಷ್ಟೇ ಕಲಿಯುತ್ತಿರುವವನು. ಹಾಗಾಗಿ ಹೊಸಬರಿಗೆ ಕೈ ಎಲ್ಲಿ ತಡೆಯುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿದೆ, ಅದನ್ನೇ ಇಲ್ಲಿ ಬರೆದಿದ್ದೇನೆ.

ನಾಲ್ಕರಲ್ಲೂ ಅವೇ ಮೂರು ಫೋಟೋ ಹಾಕಿ ನೋಡಿದೆ. ಒಂದು ಮೇಲುಕೋಟೆ ಕಲ್ಯಾಣಿಯ ಮೆಟ್ಟಿಲ ಮೇಲೆ ನಡುಮಧ್ಯಾಹ್ನ ತೆಗೆದದ್ದು. ಅಜ್ಜಿ, ಅಮ್ಮ, ಚಿಕ್ಕಮ್ಮ ಮೂವರೂ ಇದ್ದಾರೆ, ಆದರೆ ಯಾರ ಕಣ್ಣೂ ಕಾಣುವುದಿಲ್ಲ. ಇನ್ನೊಂದು ಮೈಸೂರು ಅರಮನೆ ಮುಂದೆ ಸಂಜೆ ಹೊತ್ತು ತೆಗೆದದ್ದು, ಮುಖಗಳೆಲ್ಲ ಮಂಕು. ಮೂರನೆಯದು ಮಂಡ್ಯದಲ್ಲಿ ದೊಡ್ಡಪ್ಪನ ಮನೆ ಗೃಹಪ್ರವೇಶದ್ದು. ಎಲ್ಲರೂ ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ, ತಲೆ ಹಿಂದೆಲ್ಲ ಫ್ಲ್ಯಾಶಿನ ಕಪ್ಪು ನೆರಳು.

ಈ ಮೂರನ್ನೂ ಬರೀ 'ನೆರಳು' ಅಂತ ಒಂದೇ ಲೆಕ್ಕಕ್ಕೆ ಹಿಡಿದರೆ ಕೆಲಸ ಕೆಡುತ್ತದೆ. ನೋಡಬೇಕಾದದ್ದು ನೆರಳಿಗೆ ಅಂಚು ಇದೆಯಾ ಇಲ್ಲವಾ ಅಂತ. ನಾವಿರುವುದು ಭೂಮಧ್ಯರೇಖೆಯಿಂದ ಸುಮಾರು 12 ಡಿಗ್ರಿ ಉತ್ತರಕ್ಕೆ. ಏಪ್ರಿಲ್ 22ರ ಆಸುಪಾಸು, ಮತ್ತೆ ಆಗಸ್ಟ್ 20ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಆದರೆ ಮುಖಕ್ಕೆ ಇರುತ್ತದೆ. ಹುಬ್ಬಿನ ನೆರಳು ಕಣ್ಣಿಗೆ, ಮೂಗಿನದು ತುಟಿಗೆ, ಗದ್ದದ್ದು ಕುತ್ತಿಗೆಗೆ. ಬೇಸಿಗೆಯ ನಡುಹಗಲಲ್ಲಿ ಈ ನೆರಳಿಗೆ ಗಟ್ಟಿ ಅಂಚು. ಅರಮನೆಯದು ಬೇರೆ ಕಥೆ. ಅರಮನೆ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಹೋದರೆ ಬಿಸಿಲು ಕಟ್ಟಡದ ಮೇಲೂ ಅದರ ಮುಂದೆ ನಿಂತವರ ಮುಖದ ಮೇಲೂ ಬೀಳುತ್ತದೆ. ಮಧ್ಯಾಹ್ನ ದಾಟಿದ ಮೇಲೆ ಸೂರ್ಯ ಅರಮನೆಯ ಹಿಂದಕ್ಕೆ ಸರಿಯುತ್ತಾನೆ, ಫೋನು ಬೆಳ್ಳಗಿರುವ ಆಕಾಶ ನೋಡಿ ಲೆಕ್ಕ ಹಾಕುತ್ತದೆ, ಮುಖ ಕಪ್ಪಾಗುತ್ತದೆ. ಅಲ್ಲಿ ಅಂಚೇ ಇಲ್ಲ, ಇಡೀ ಮುಖವೇ ಕತ್ತಲಲ್ಲಿದೆ. ಫ್ಲ್ಯಾಶಿನದು ಎಲ್ಲಕ್ಕಿಂತ ಗಟ್ಟಿ. ಬೆಳಕು ಹೊರಡುವ ಜಾಗ ತುಂಬಾ ಚಿಕ್ಕದು, ಅದಕ್ಕೇ ನೆರಳು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಬೀಳುತ್ತದೆ.

ಅಂಚಿಲ್ಲದ ನೆರಳು ಸ್ಲೈಡರ್ (ಇಡೀ ಫೋಟೋದ ಬೆಳಕು ಹೆಚ್ಚುಕಮ್ಮಿ ಮಾಡುವ ಪಟ್ಟಿ) ಎಳೆದರೆ ಹೋಗುತ್ತದೆ. ಅಂಚಿರುವ ನೆರಳಿಗೆ ಬಳಿದ ಕಡೆ ಮಾತ್ರ ತಿದ್ದುವ ಬ್ರಷ್ ಹಿಡಿಯಲೇಬೇಕು. ನಾಲ್ಕು ಆ್ಯಪ್‌ಗಳ ನಡುವಿನ ವ್ಯತ್ಯಾಸ ಇರುವುದೂ ಇಲ್ಲೇ.

ಗೂಗಲ್ ಫೋಟೋಸ್ ಬಹಳ ಜನರ ಫೋನಿನಲ್ಲಿ ಮೊದಲೇ ಇರುತ್ತದೆ. ಎಡಿಟ್‌ಗೆ ಹೋಗಿ ಶ್ಯಾಡೋಸ್ (ಕತ್ತಲ ಭಾಗ) ಸ್ಲೈಡರ್ ಏರಿಸಿ, ಹೈಲೈಟ್ಸ್ (ಬೆಳಕಿನ ಭಾಗ) ಸ್ವಲ್ಪ ಇಳಿಸಿದರೆ ಅರಮನೆ ಫೋಟೋ ಅರೆನಿಮಿಷದಲ್ಲಿ ಸರಿಹೋಯಿತು. ಮುಖ ಕಂಡಿತು, ಆಕಾಶವೂ ಉಳಿಯಿತು. ಪೋರ್ಟ್ರೇಟ್ ಲೈಟ್ ಅಂತ ಒಂದಿದೆ, 2020ರಲ್ಲಿ ಗೂಗಲ್‌ನದೇ ಪಿಕ್ಸೆಲ್ ಫೋನ್‌ಗಳಿಗೆ ಬಂದದ್ದು, 2024ರ ಮೇ ತಿಂಗಳಲ್ಲಿ ಎಲ್ಲರಿಗೂ ಬಿಟ್ಟರು. ಬೆಳಕು ಯಾವ ಕಡೆಯಿಂದ ಬೀಳಬೇಕು ಅಂತ ಬೆರಳಲ್ಲೇ ಸರಿಸಬಹುದು. ಮೇಲುಕೋಟೆ ಫೋಟೋದಲ್ಲಿ ಅದು ಅಮ್ಮನ ಮುಖವನ್ನು ತಿಳಿ ಮಾಡಿತು, ಆದರೆ ಮೂಗಿನ ಕೆಳಗಿನ ಗೆರೆ ಉಳಿಯಿತು. ಗೃಹಪ್ರವೇಶದ ಫೋಟೋಗೆ ಈ ಸ್ಲೈಡರ್ ಆಗಿಬರುವುದಿಲ್ಲ. ಗೋಡೆ ಮೇಲಿನ ನೆರಳು ತಿಳಿಯಾಗುವ ಹೊತ್ತಿಗೆ ಎಲ್ಲರ ಕಪ್ಪು ಕೂದಲೂ ಬೂದಿ ಬಣ್ಣಕ್ಕೆ ಬಂದಿರುತ್ತದೆ, ಯಾಕೆಂದರೆ ಸ್ಲೈಡರ್‌ಗೆ ಕೂದಲೂ ಒಂದೇ, ನೆರಳೂ ಒಂದೇ.

ಸ್ನ್ಯಾಪ್‌ಸೀಡ್ ಬಗ್ಗೆ ಜಾಸ್ತಿ ಬರೆಯುತ್ತೇನೆ, ಅಷ್ಟು ಇಷ್ಟವಾಯಿತು. ಪೂರ್ತಿ ಉಚಿತ, ಜಾಹೀರಾತೂ ಇಲ್ಲ. ಇದನ್ನು ಮಾಡಿದ ನಿಕ್ ಸಾಫ್ಟ್‌ವೇರ್ ಕಂಪನಿಯನ್ನು 2012ರಲ್ಲಿ ಗೂಗಲ್ ಕೊಂಡುಕೊಂಡಿತು, ಆದರೂ ಗೂಗಲ್ ಫೋಟೋಸ್‌ಗಿಂತ ಇದರ ದಾರಿಯೇ ಬೇರೆ. ಬಹಳ ಜನ ಇದರಲ್ಲಿ ಫಿಲ್ಟರ್ ಹಾಕಿ ಮುಚ್ಚಿಬಿಡುತ್ತಾರೆ. ಅಸಲಿ ವಿಷಯ ಒಳಗಿದೆ. ಮೊದಲು ಟ್ಯೂನ್ ಇಮೇಜ್‌ನಲ್ಲಿ ಶ್ಯಾಡೋಸ್ ಏರಿಸಿ. ಕಣ್ಣಿನ ಗುಳಿ ಸರಿ ಕಾಣುವ ತನಕ ಏರಿಸಿ, ಉಳಿದ ಫೋಟೋ ಕೆಟ್ಟು ಕಂಡರೂ ಚಿಂತೆ ಬೇಡ. ಟಿಕ್ ಒತ್ತಿ. ಆಮೇಲೆ ಮಾಡಿದ ತಿದ್ದುಪಡಿಗಳ ಪಟ್ಟಿ ಇರುವ ವ್ಯೂ ಎಡಿಟ್ಸ್‌ಗೆ ಹೋಗಿ ಆ ಟ್ಯೂನ್ ಇಮೇಜ್ ಮೇಲೆ ಒತ್ತಿದರೆ ಬ್ರಷ್ ಗುರುತು ಬರುತ್ತದೆ. ಈಗ ನೀವು ಬೆರಳಲ್ಲಿ ಬಳಿದ ಕಡೆ ಮಾತ್ರ ಆ ಬೆಳಕು ಬೀಳುತ್ತದೆ, ಮಿಕ್ಕಿದ್ದೆಲ್ಲ ಮೊದಲಿನ ಹಾಗೇ ಇರುತ್ತದೆ. ಬ್ರಷ್‌ನ ಬಲವನ್ನು 100ರಿಂದ 75, 50, 25ಕ್ಕೆ ಇಳಿಸಬಹುದು. ನಾನು ಕಣ್ಣಿಗೆ 50 ಇಟ್ಟೆ, ಮೂಗಿನ ಕೆಳಗೆ 75, ಕುತ್ತಿಗೆಗೆ 25. ಬ್ರಷ್ ಚಿಕ್ಕದಾಗಬೇಕು ಅಂದರೆ ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿಕೊಳ್ಳಬೇಕು, ಬೇರೆ ಬಟನ್ ಇಲ್ಲ. ಹೊಸಬರು ಹುಡುಕಾಡುವುದು ಇದಕ್ಕೇ.

ಇನ್ನೊಂದು ವಿಷಯ, ಇದು ಬಣ್ಣದ್ದು. ಹೊರಗಡೆ ಬಿಸಿಲು ಬೀಳದ ಜಾಗಕ್ಕೆ ಬೆಳಕು ಬರುವುದು ಜಾಸ್ತಿ ಆಕಾಶದಿಂದ, ಅದು ನೀಲಿ. ನೆರಳನ್ನು ಮೇಲೆತ್ತಿದಾಗ ಆ ನೀಲಿಯೂ ಜೊತೆಗೇ ಮೇಲೆ ಬರುತ್ತದೆ. ಅಜ್ಜಿಯ ಕೆನ್ನೆ ಬೂದು ಹಿಡಿದಂತೆ ಕಂಡದ್ದು ಅದಕ್ಕೇ. ಸ್ನ್ಯಾಪ್‌ಸೀಡ್‌ನ ಬ್ರಷ್ ಟೂಲ್‌ನಲ್ಲೇ ಬಣ್ಣವನ್ನು ನೀಲಿಯಿಂದ ಹಳದಿ ಕಡೆಗೆ ತರುವ ಟೆಂಪರೇಚರ್ ಇದೆ, ಅದನ್ನು ಪ್ಲಸ್‌ಗೆ ಇಟ್ಟು ಅಲ್ಲಿ ಮಾತ್ರ ಹಗುರಾಗಿ ಎಳೆದರೆ ಚರ್ಮಕ್ಕೆ ಜೀವ ಬರುತ್ತದೆ. ಈ ಒಂದು ಹೆಜ್ಜೆ ಬಿಟ್ಟರೆ ಎಷ್ಟೇ ಚೆನ್ನಾಗಿ ನೆರಳು ತೆಗೆದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮತ್ತೆ ನೆರಳನ್ನು ಪೂರ್ತಿ ತೆಗೆಯಬೇಡಿ, ದಯವಿಟ್ಟು. ಮೂಗಿಗೆ ಮೂಗಿನ ಆಕಾರ ಕೊಡುವುದೇ ಆ ನೆರಳು. ಅರ್ಧಕ್ಕೆ ಇಳಿಸಿದರೆ ಸಾಕು.

ಲೈಟ್‌ರೂಮ್ ಮೊಬೈಲ್ ಬಗ್ಗೆ ಬೇಗ ಮುಗಿಸುತ್ತೇನೆ. ಸ್ಲೈಡರ್‌ಗಳ ವಿಷಯದಲ್ಲಿ ನನಗೆ ಇದೇ ಎಲ್ಲಕ್ಕಿಂತ ಚೆನ್ನ ಅನ್ನಿಸಿತು. ಶ್ಯಾಡೋಸ್ ಏರಿಸಿ ಬ್ಲ್ಯಾಕ್ಸ್ (ಅತಿ ಕಪ್ಪು ಭಾಗ) ಸ್ವಲ್ಪ ಇಳಿಸಿದರೆ ಕೂದಲು ಕಪ್ಪಾಗೇ ಉಳಿದು ಮುಖ ಮಾತ್ರ ತಿಳಿಯಾಗುತ್ತದೆ, ಅರಮನೆ ಫೋಟೋಗೆ ನನಗೆ ಇದರ ಫಲಿತಾಂಶವೇ ಹೆಚ್ಚು ಹಿಡಿಸಿತು. ಒಂದು ಫೋಟೋದ ಸೆಟ್ಟಿಂಗ್ ಕಾಪಿ ಮಾಡಿ ಅದೇ ಜಾಗದ ಉಳಿದವಕ್ಕೆ ಪೇಸ್ಟ್ ಮಾಡಬಹುದು. ಆದರೆ ಬ್ರಷ್ ಹಿಡಿದು ಮುಖವನ್ನಷ್ಟೇ ತಿದ್ದುವ ಮಾಸ್ಕಿಂಗ್ ಬೇಕು ಅಂದರೆ ಚಂದಾ ಕಟ್ಟಬೇಕು. ಮನೆ ಫೋಟೋಗಳಿಗೆ ಅಷ್ಟು ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ, ಸ್ನ್ಯಾಪ್‌ಸೀಡ್‌ನಲ್ಲಿ ಅದು ಪುಕ್ಕಟೆ ಸಿಗುತ್ತದಲ್ವಾ.

ಈಗ ಗಿಂಪ್. ಕಂಪ್ಯೂಟರ್‌ಗೆ ಉಚಿತ, 1996ರಿಂದ ಇದೆ. ಮೊದಲ ಸಲ ತೆರೆದಾಗ ಅಷ್ಟೊಂದು ಮೆನು ನೋಡಿ ಮುಚ್ಚಬೇಕು ಅನ್ನಿಸುವುದು ಸಹಜ. ಆದರೆ ಗೋಡೆ ಮೇಲಿನ ನೆರಳಿಗೆ ಬೇಕಾದದ್ದು ಅದರಲ್ಲಿ ನಾಲ್ಕೇ ಕೆಲಸ. ಲೇಯರ್ ಡ್ಯೂಪ್ಲಿಕೇಟ್ ಮಾಡಿ, ಅಂದರೆ ಫೋಟೋದ ಮೇಲೆ ಅದರದೇ ಇನ್ನೊಂದು ಪದರ. ಮೇಲಿನ ಲೇಯರ್‌ಗೆ ಕರ್ವ್ಸ್ (ಗೆರೆ ಎಳೆದು ಬೆಳಕು ಏರಿಸುವ ಸಾಧನ) ಹಾಕಿ, ನೆರಳಿರುವ ಗೋಡೆ ಪಕ್ಕದ ಗೋಡೆಯಷ್ಟೇ ಬೆಳ್ಳಗಾಗುವ ತನಕ ಏರಿಸಿ. ಅದಕ್ಕೆ ಕಪ್ಪು ಲೇಯರ್ ಮಾಸ್ಕ್ (ಪದರವನ್ನು ಮರೆಮಾಡುವ ಮುಸುಕು) ಹಾಕಿದರೆ ಮಾಡಿದ್ದೆಲ್ಲ ಮಾಯವಾಗುತ್ತದೆ. ಆಮೇಲೆ ಮೆತ್ತನೆ ಅಂಚಿನ ಬಿಳಿ ಬ್ರಷ್‌ನಲ್ಲಿ ನೆರಳಿನ ಮೇಲಷ್ಟೇ ಬಳಿಯುತ್ತಾ ಹೋಗಿ, ಬಳಿದ ಕಡೆ ಏರಿಸಿದ ಬೆಳಕು ಮತ್ತೆ ಕಾಣುತ್ತದೆ. ಗೋಡೆಯ ಪೇಂಟಿನ ಒರಟು, ಮಾವಿನ ತೋರಣದ ತುದಿ ಎಲ್ಲ ಹಾಗೇ ಉಳಿಯುತ್ತದೆ, ಯಾಕೆಂದರೆ ನಾವು ಏನನ್ನೂ ಅಳಿಸಿಲ್ಲ, ಬೆಳಕು ಮಾತ್ರ ಕೊಟ್ಟಿದ್ದೇವೆ. ಕೊನೆಗೆ ನೆರಳಿನ ಅಂಚಿದ್ದ ಕಡೆ ಒಂದು ಸಣ್ಣ ಗೆರೆ ಉಳಿಯುತ್ತದೆ, ಅದಕ್ಕೆ ಹೀಲ್ ಟೂಲ್. ತಲೆಗೂದಲಿನ ಪಕ್ಕಕ್ಕೆ ಬಂದಾಗ ಹೀಲ್ ಬಿಟ್ಟು ಕ್ಲೋನ್ (ಒಂದು ಕಡೆಯದನ್ನು ಹಾಗೇ ನಕಲು ಮಾಡುವ ಟೂಲ್) ಹಿಡಿಯಿರಿ. ಹೀಲ್ ಅಕ್ಕಪಕ್ಕದ ಬಣ್ಣ ಬೆರೆಸುತ್ತದೆ, ಕೂದಲಿನ ಕಪ್ಪು ಗೋಡೆಗೆ ಹರಡಿಕೊಳ್ಳುತ್ತದೆ. ದೊಡ್ಡಪ್ಪನ ಮನೆ ಫೋಟೋಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಹಿಡಿದರೂ ಪರವಾಗಿಲ್ಲ, ಉಳಿದ ಮೂರರಲ್ಲೂ ಆಗದ್ದು ಇಲ್ಲಿ ಆಯಿತು.

ನೆರಳು ತಾನೇ ತೆಗೆಯುತ್ತೇನೆ ಅನ್ನುವ ಎಐ ಆ್ಯಪ್‌ಗಳೂ ಬೇಕಾದಷ್ಟಿವೆ. ಅಂಥದ್ದೊಂದಕ್ಕೆ ಮೇಲುಕೋಟೆ ಫೋಟೋ ಕೊಟ್ಟೆ. ನೆರಳು ನಿಜವಾಗಿಯೂ ಹೋಯಿತು. ಆದರೆ ಅಜ್ಜಿಯ ಕಣ್ಣ ಕೆಳಗಿನ ಸುಕ್ಕು ಹೋಗಿತ್ತು, ಮೂಗುಬೊಟ್ಟಿನ ಏಳು ಹರಳು ಒಂದು ಬಿಳಿ ಚುಕ್ಕೆಯಾಗಿತ್ತು. ಅಮ್ಮ ನೋಡಿ, "ಇದು ನಿಮ್ಮಜ್ಜಿ ಅಲ್ಲ ಕಣೋ, ಬೇರೆ ಯಾರೋ" ಅಂದರು. ಕತ್ತಲಲ್ಲಿ ಇಲ್ಲದ ವಿವರವನ್ನು ಅದು ತಾನೇ ಊಹಿಸಿ ಬರೆಯುತ್ತದೆ. ಹುಲ್ಲು, ಮರಳು, ಗೋಡೆಗೆ ಆದರೆ ಊಹೆ ನಡೆಯುತ್ತದೆ. ಕೆಆರ್‌ಎಸ್‌ನಲ್ಲಿ ಸಂಜೆ ಫೋಟೋ ತೆಗೆದವರ ಉದ್ದ ನೆರಳು ನೆಲದ ಮೇಲೆ ಬಂದಿರುತ್ತದಲ್ಲ, ಅದಕ್ಕೆ ಧಾರಾಳವಾಗಿ ಬಳಸಬಹುದು. ಮನೆಯವರ ಮುಖಕ್ಕೆ ಬೇಡ. ಮಕ್ಕಳ ಫೋಟೋವನ್ನು ಯಾವುದೋ ಸರ್ವರ್‌ಗೆ ಕಳಿಸುವುದೂ ನನಗೆ ಒಪ್ಪಿಗೆಯಿಲ್ಲ.

ಯಾವ ಆ್ಯಪ್ ಆದರೂ ಮೂಲ ಫೋಟೋ ಕೈಲಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಕುಗ್ಗಿರುತ್ತದೆ, ಅದರ ನೆರಳು ಎತ್ತಿದರೆ ಚೌಕ ಚೌಕ ಕಾಣುತ್ತದೆ. ತೆಗೆದವರಿಗೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋನ್‌ನಲ್ಲಿ ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ಫೈಲ್) ತೆಗೆಯುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಮಾಮೂಲಿ ಜೆಪೆಗ್ ಫೋಟೋದಲ್ಲಿ ಒಂದು ಬಣ್ಣಕ್ಕೆ ಕತ್ತಲಿಂದ ಬೆಳಕಿನ ತನಕ 256 ಮೆಟ್ಟಿಲು, 12 ಬಿಟ್ ರಾ ಆದರೆ 4096. ಕತ್ತಲ ಭಾಗ ಎತ್ತುವಾಗ ಆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ.

ಆ್ಯಪ್ ಇಲ್ಲದೆಯೂ ಒಂದನ್ನು ಮಾಡಿ ನೋಡಿದೆ. ಮೇಲುಕೋಟೆಯಲ್ಲೇ, ಅದೇ ಬಿಸಿಲಲ್ಲಿ, ಅಪ್ಪನ ಬಿಳಿ ಪಂಚೆಯನ್ನು ಇಬ್ಬರು ಸೊಂಟದ ಎತ್ತರಕ್ಕೆ ಚಾಚಿ ಹಿಡಿದರು. ಬಿಸಿಲು ಪಂಚೆಗೆ ಬಡಿದು ಕೆಳಗಿಂದ ಮುಖಕ್ಕೆ ಬಂತು, ಕಣ್ಣು ಕಂಡವು. ಆ ಫೋಟೋಗೆ ಸ್ನ್ಯಾಪ್‌ಸೀಡ್‌ನಲ್ಲಿ ಮಾಡಿದ್ದು ತೀರಾ ಕಡಿಮೆ. ಗೋಡೆ ನೆರಳಿಗೂ ಹೀಗೇ. ಜನರನ್ನು ಗೋಡೆಯಿಂದ ಐದಾರು ಅಡಿ ಮುಂದಕ್ಕೆ ನಿಲ್ಲಿಸಿ, ಫ್ಲ್ಯಾಶ್ ಲೆನ್ಸಿನ ಮೇಲ್ಗಡೆ ಇರುವ ಹಾಗೆ ಹಿಡಿದರೆ ನೆರಳು ಕೆಳಗೆ ಜಾರಿ ಅವರ ಬೆನ್ನ ಹಿಂದೆಯೇ ಅಡಗುತ್ತದೆ.

ಪ್ರಿಂಟ್ ಹಾಕಿಸುವವರಿಗೆ ಒಂದು ಮಾತು. ಫೋನಿನ ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ, ಹಾಗಾಗಿ ನಾವು ಸರಿ ಮಾಡಿದ ನೆರಳು ಪ್ರಿಂಟ್‌ನಲ್ಲಿ ಮತ್ತೆ ಕಪ್ಪಾಗಿ ಕಾಣಬಹುದು. ಫೋನಿನ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿಕೊಂಡು ತಿದ್ದಿ, ಮೊದಲು ಸ್ಟುಡಿಯೋದಲ್ಲಿ 4×6 ಇಂಚಿನದು ಒಂದು ತೆಗೆಸಿ ನೋಡಿ. ಮೇಲುಕೋಟೆ ಫೋಟೋದ 4×6 ಬಂದಿದೆ, ಕುತ್ತಿಗೆ ಹತ್ತಿರ ಇನ್ನೂ ಸ್ವಲ್ಪ ಎತ್ತಬೇಕು. ಅದಾದ ಮೇಲೆ 12×18.